ನೂಲಿನ ಕೋಣೆಗೆ ಮಾಡಿದ ಬಾಗಿಲು

೧೯೭೩ರಲ್ಲಿ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ವರ್ಕ್‌ಶಾಪ್ ಇತ್ತು. ಮರಗೆಲಸ ತಂದೆಯಿಂದ ಬಂದದ್ದು, ವೆಲ್ಡಿಂಗ್ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕಲಿತದ್ದು. ಮರಕ್ಕೆ ಉಕ್ಕು ಕೂಡಿಸಿ ಮಾಡುವ ಬಾಗಿಲು, ಅಟ್ಟ, ಮೆಟ್ಟಿಲುಗಳಿಗೆ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆ ವರ್ಷ ಗೋವಿಂದಪ್ಪ ಬಂದರು. ಮನೆಯಲ್ಲೇ ಆರು ಪವರ್‌ಲೂಮ್ ಇಟ್ಟು ಸೀರೆ ನೇಯಿಸುತ್ತಿದ್ದವರು. ರೇಷ್ಮೆ ನೂಲು ಇಡುವ ಕೋಣೆಗೆ ಕಳ್ಳರು ಒಡೆಯಲಾಗದ ಬಾಗಿಲು ಬೇಕು ಎಂದರು. ಆರೂವರೆ ಅಡಿ ಎತ್ತರ, ಮೂರಡಿ ಅಗಲ. ಮತ್ತಿ ಮರದ ಚೌಕಟ್ಟಿಗೆ ಹದಿನಾರು ಗೇಜಿನ ಉಕ್ಕಿನ ತಗಡು ಹೊದಿಸಿದೆ. ಬಾಗಿಲು ಒಳಕ್ಕೆ ತೆರೆಯುವಂತೆ ಮಾಡಿ, ಅದನ್ನು ಗೋಡೆಯ ಕಡೆಗೆ ಹಿಡಿಸುವ ಮೂರು ಹಿಂಜುಗಳ ತಿರುಪುಗಳನ್ನೂ ಒಳಮುಖಕ್ಕೇ ಕೂರಿಸಿದೆ. ಹೊರಗೆ ನಿಂತವರು ಅವನ್ನು ಬಿಚ್ಚುವಂತಿರಲಿಲ್ಲ. ಹೊರಗಡೆ ದಪ್ಪ ಅಗುಳಿ, ಬೀಗ.

ಬಾಗಿಲು ಕೂರಿಸಿದ ಹನ್ನೆರಡನೆಯ ದಿನ ಗೋವಿಂದಪ್ಪ ಸಿಟ್ಟಿನಿಂದಲೇ ಬಂದರು. "ಹಸಿ ಮರ ಹಾಕಿದ್ದೀಯಲ್ಲಪ್ಪಾ. ಬಾಗ್ಲು ಜಗ್ಗಿ ನೆಲಕ್ಕೆ ಉಜ್ತೈತೆ."

ಎರಡು ವರ್ಷ ಒಣಗಿಸಿದ ಮರ ಅದು. ನನಗೂ ಕೋಪ ಬಂತು. ಸಾಮಾನು ಎತ್ತಿಕೊಂಡು ಅವರ ಹಿಂದೆಯೇ ಹೋದೆ.

ಬೀಗ ತೆಗೆದು ದೂಡಿದರೆ ಒಳಗೆ ನೂಲಿನ ಒಂದು ಎಳೆಯೂ ಇರಲಿಲ್ಲ. ಒಂದು ಚಾಪೆ, ಬಕೆಟ್ಟು, ಊಟದ ತಟ್ಟೆ. ಗೋಡೆಗೆ ಒರಗಿ ಗೋವಿಂದಪ್ಪನವರ ತಂಗಿ ನಾಗರತ್ನ ಕೂತಿದ್ದಳು. ಇಪ್ಪತ್ತೆರಡರ ಹುಡುಗಿ. ಅಳತೆ ತೆಗೆಯಲು ಹೋಗಿದ್ದಾಗ ಮಗ್ಗದ ಹತ್ತಿರ ನೋಡಿದ್ದೆ. ಹಿಂಜುಗಳ ಕಡೆ ಕಣ್ಣು ಹಾಯಿಸಿದೆ. ಮೇಲಿನದರಲ್ಲಿ ಒಂದು ತಿರುಪೂ ಇರಲಿಲ್ಲ. ನಡುವಿನದರಲ್ಲಿ ಒಂದೇ ಉಳಿದಿತ್ತು, ಅದರ ತಲೆಯೆಲ್ಲ ಕೆರೆದುಹೋಗಿತ್ತು. ಅವಳ ಕೈಯಲ್ಲಿ ಹಿಡಿ ಸೊಟ್ಟಗಾದ ಒಂದು ಚಮಚ ಇತ್ತು.

"ಒಳ್ಳೆ ಸಂಬಂಧ ಬಂದೈತೆ, ಒಪ್ತಿಲ್ಲ. ಲಗ್ನ ಆಗೋವರ್ಗೂ ಇಲ್ಲೇ ಇರ್ತಾಳೆ" ಎಂದರು ಗೋವಿಂದಪ್ಪ. "ಮನೆ ವಿಷ್ಯ ಇದು. ನಿನ್ ಕೆಲ್ಸ ನೀನು ನೋಡು."

ನಾಗರತ್ನ ನನ್ನ ಕಡೆ ತಿರುಗಿದಳು, ದನಿ ಏರಿಸಲಿಲ್ಲ. "ಅಣ್ಣಾ, ಇಷ್ಟು ಬಿಚ್ಚೋಕೆ ನಂಗೆ ಒಂಬತ್ತು ದಿನ ಹಿಡೀತು. ನೀವು ಮತ್ತೆ ಬಿಗಿದು ಹೋಗ್ಬೇಡಿ" ಎಂದಳು.

ನನ್ನ ಮೈ ಉರಿದುಹೋಯಿತು. ಆ ಬಾಗಿಲಿನ ಗಟ್ಟಿತನವನ್ನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಸ್ಕ್ರೂಡ್ರೈವರ್ ತೆಗೆದು ಉಳಿದ ತಿರುಪುಗಳನ್ನು ಬಿಚ್ಚತೊಡಗಿದೆ. ಗೋವಿಂದಪ್ಪ ನನ್ನ ರಟ್ಟೆ ಹಿಡಿದು ಎಳೆದರು.

"ಏಯ್, ಅದು ನನ್ನ ಬಾಗ್ಲು ಕಣೋ."

"ಮಾಡಿದ್ದು ನಾನು. ತಪ್ಪಾಗೈತೆ, ತೆಗೀತಿದೀನಿ."

ರಟ್ಟೆ ಬಿಡಿಸಿಕೊಂಡು ಕೊನೆಯ ತಿರುಪನ್ನೂ ತೆಗೆದೆ. ಬಾಗಿಲು ಕಲ್ಲುಚಪ್ಪಡಿಯ ಮೇಲೆ ಬಿದ್ದ ಸದ್ದಿಗೆ ನೇಯುವವರು ಮಗ್ಗ ನಿಲ್ಲಿಸಿ ಓಡಿಬಂದರು. ಅಷ್ಟು ಜನರ ಎದುರು ಗೋವಿಂದಪ್ಪ ಕೈ ಎತ್ತಲಿಲ್ಲ. ನಾಗರತ್ನ ಎದ್ದು, ಮುಖ ತೊಳೆದುಕೊಂಡು, ಅಣ್ಣನ ಮುಂದೆಯೇ ಹೊಸ್ತಿಲು ದಾಟಿದಳು. ದೇವನಹಳ್ಳಿಯಲ್ಲಿ ಅವಳ ಚಿಕ್ಕಮ್ಮ ಇದ್ದರು. ಬಸ್ಸು ಹೊರಡುವವರೆಗೂ ನಾನು ನಿಲ್ದಾಣದಲ್ಲೇ ನಿಂತಿದ್ದೆ.

ಮದುವೆ ಮುರಿದುಬಿತ್ತು. ಅವಳು ಚಿಕ್ಕಮ್ಮನ ಮನೆಯಲ್ಲೇ ಉಳಿದು ಟೈಪಿಂಗ್ ಕಲಿತಳೆಂದು ಆಮೇಲೆ ಕೇಳಿದೆ. ಗೋವಿಂದಪ್ಪನವರ ಬೀದಿಯಿಂದ ನನಗೆ ಒಂದು ವರ್ಷ ಕೆಲಸ ಬರಲಿಲ್ಲ. ಅದಕ್ಕೆ ಬೇಸರವಿಲ್ಲ. ಯಾರಿಗಾಗಿ ಎಂದು ಒಂದು ಮಾತು ಕೇಳದೆ ಅಳತೆ ತೆಗೆದುಕೊಂಡೆನಲ್ಲ, ನನ್ನ ಮೇಲಿನ ಆ ಸಿಟ್ಟು ಮಾತ್ರ ಇವತ್ತಿಗೂ ಆರಿಲ್ಲ.

ಅಲ್ಲಿಂದ ಮುಂದೆ ಕೋಣೆಯ ಕೆಲಸ ಯಾವುದೇ ಇರಲಿ, ಅದರಲ್ಲಿ ಇರುವವರನ್ನು ಕರೆಸಿ ಮಾತಾಡಿಸಿದ ಮೇಲೆಯೇ ಟೇಪು ಬಿಚ್ಚುತ್ತಿದ್ದೆ. ಕರೆಸಲು ಒಪ್ಪದ ಎರಡು ಮನೆಗಳಿಂದ ಹಾಗೇ ಎದ್ದು ಬಂದಿದ್ದೇನೆ.