ಕೊಂಡಿ ಹಾಕಲು ಬಂದವರು

ನಮ್ಮ ಮನೆಯನ್ನು ಕಾರ್ಖಾನೆ ಎಂದು ಬರೆದುಕೊಂಡು ಹೋದ ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಇಳಕಲ್ಲಿನ ಆ ಮನೆಯ ಪಡಸಾಲೆಯಲ್ಲಿ, ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವ ಅವ್ವನದೊಂದು ಕುಣಿಮಗ್ಗ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸಬೇಕು. ಅದಕ್ಕೆ ನಾವು ಕೊಂಡಿ ಅನ್ನುತ್ತೇವೆ. ಒಬ್ಬರೇ ಕೂತರೆ ಕಣ್ಣು ಸೋತುಹೋಗುತ್ತದೆ. ಅದಕ್ಕೇ ಓಣಿಯ ಹೆಂಗಸರು ಇವತ್ತು ನಮ್ಮ ಮನೆಗೆ, ನಾಳೆ ಅವ್ವ ಅವರ ಮನೆಗೆ. ಕೂಲಿಯ ಮಾತೇ ಇಲ್ಲ. ಚಹಾ, ಒಂದಿಷ್ಟು ಚುರುಮರಿ, ಊರ ಮಂದಿಯ ಸುದ್ದಿ.

ಆಸ್ತಿ ತೆರಿಗೆಗೆಂದು ಮನೆ ಅಳೆಯುವವನು ಬಂದ ದಿನ ಪಡಸಾಲೆಯಲ್ಲಿ ನಾಲ್ವರು ಹೆಂಗಸರು ಕೂತಿದ್ದರು. "ಇವರು ದಿನಾ ಬರ್ತಾರೇನ್ರಿ?" ಎಂದು ಕೇಳಿದ. ನೆರವಿಗೆ ಬಂದವರನ್ನು ಅವರೆದುರೇ ಹೊಗಳದಿದ್ದರೆ ಅವ್ವನಿಗೆ ಸಮಾಧಾನವಿಲ್ಲ. "ಹೌದ್ರಿ, ಇವ್ರ ಕೈ ಇಲ್ಲಂದ್ರ ನಮ್ಮ ಮಗ್ಗ ಒಂದಿನಾನೂ ನಡಿಯಂಗಿಲ್ಲ" ಎಂದಳು. ಅವನಿಗೂ ಚಹಾ ಕೊಟ್ಟಳು. ಪುಣ್ಯಾತ್ಮ ಚಹಾ ಕುಡಿದು, ಉದ್ದಿಮೆ, ಕೆಲಸಗಾರರು ನಾಲ್ಕು ಜನ ಎಂದು ಬರೆದ.

ತೆರಿಗೆ ಮೂರು ಪಟ್ಟಾಯಿತು. ಅಷ್ಟು ಕಟ್ಟಬೇಕೆಂದರೆ ಅವ್ವ ಮಗ್ಗವನ್ನೇ ಮಾರಬೇಕು. ತಕರಾರು ಅರ್ಜಿ ಕೊಟ್ಟೆವು, ಓದಿದರೋ ಇಲ್ಲವೋ, ತಳ್ಳಿಹಾಕಿದರು. ಕೊನೆಗೆ ಹುನಗುಂದದ ಕೋರ್ಟಿಗೆ ಹೋದೆವು. ಆ ನಾಲ್ವರಲ್ಲಿ ಒಬ್ಬಳಾದ ಪಕ್ಕದ ಮನೆಯ ಚಾಚಿ ನಮ್ಮ ಪರವಾಗಿ ಸಾಕ್ಷಿ ಹೇಳಲು ಬಂದಳು. ಎದುರಿನ ವಕೀಲ, "ನಿನಗ ದಿನಕ್ಕ ಎಷ್ಟ ಪಗಾರ?" ಎಂದು ಕೇಳಿದ.

"ಪಗಾರ ಏನ್ರಿ ಸಾಹೇಬ್ರ?" ಚಾಚಿ ಅವ್ವನ ಕಡೆ ಕೈ ತೋರಿಸಿದಳು. "ನನ್ನ ಮಗಳ ಲಗ್ನದ ಸೀರಿಗೆ ಈಕಿ ಮೂರು ದಿನಾ ಕುಂತು ಕೊಂಡಿ ಹಾಕ್ಯಾಳ. ಈಕಿಗೆ ನಾ ಏನ್ ಪಗಾರ ಕೊಟ್ಟೇನಿ?"

ಆ ವಕೀಲ ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು.

ಮನೆಯನ್ನು ಇನ್ನೊಮ್ಮೆ ನೋಡಿ ವರದಿ ಕೊಡಬೇಕೆಂದು ಆದೇಶವಾಯಿತು. ನಮ್ಮ ವಕೀಲರು ನನ್ನನ್ನು ಪಕ್ಕಕ್ಕೆ ಕರೆದು, "ಅವರು ಬಂದು ನೋಡಿ ಹೋಗೂತನಾ ಆ ಹೆಣ್ಮಕ್ಕಳನ್ನ ಮನಿಗೆ ಬರಗೊಡಬ್ಯಾಡ್ರಿ" ಎಂದರು. ಬೈಯಬೇಕಿತ್ತು ನಾನು. ಬೈಯಲಿಲ್ಲ. ಅವ್ವನನ್ನೂ ಕೇಳದೆ, ಮನೆಮನೆಗೆ ಹೋಗಿ ಬರಬೇಡಿ ಎಂದು ಹೇಳಿ ಬಂದೆ. ಸಾಕ್ಷಿ ಹೇಳಿದ ಚಾಚಿಗೂ ಹೇಳಿದೆ. "ಆತವಾ" ಅಂದಳು, ಅಷ್ಟೇ.

ನೋಡುವವರು ಬರಲು ಎಷ್ಟೋ ತಿಂಗಳು ಹಿಡಿಯಿತು. ಬಂದಾಗ ಅವ್ವ ಒಬ್ಬಳೇ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಎಳೆಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಕೂತಿದ್ದಳು. ವಾಸದ ಮನೆ ಎಂದು ಬರೆದರು. ನಾವು ಗೆದ್ದೆವು.

ಪೇಢೆ ತಂದು, "ಇನ್ನ ಎಲ್ಲಾರನೂ ಕರಿ ಅವ್ವಾ" ಎಂದೆ.

ಅವ್ವ ತಲೆ ಎತ್ತಲಿಲ್ಲ. "ಬರಬ್ಯಾಡ್ರಿ ಅಂತ ಹೇಳಾಕ ನೀ ಹೋಗಿದ್ದಿ. ಕರಿಯಾಕೂ ನೀನ ಹೋಗು."

ಪೇಢೆಯ ಪೊಟ್ಟಣ ಹಿಡಿದು ಚಾಚಿಯ ಬಾಗಿಲಿಗೆ ಹೋದೆ. ಒಳಗೆ ಅವಳೂ ಒಬ್ಬಳೇ ಕೂತು ಕೊಂಡಿ ಹಾಕುತ್ತಿದ್ದಳು.