ಹರಿಹರದಿಂದ ಬಂದ ಸಿಡುಕ

ನನ್ನ ಬಾಯಿ ಜೋರು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ರವಿಕೆ ಹೊಲಿಯುತ್ತೇನೆ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಂತು, ಆಮೇಲೆ ರವಿಕೆ ಬಿಗಿ ಎಂದು ಬರುವವರಿಗೆ ಮುಖಮೂತಿ ನೋಡದೆ ಬೈದಿದ್ದೇನೆ. ಬೈಸಿಕೊಂಡವರೇ ಮುಂದಿನ ಹಬ್ಬಕ್ಕೆ ಮತ್ತೆ ಬಟ್ಟೆ ತರುತ್ತಾರೆ, ಆ ಮಾತು ಬೇರೆ. ಇಂಥ ನನ್ನ ಕೋಣೆಗೆ ನನ್ನಂಥದ್ದೇ ಒಂದು ಮೀನು ಬಂದು ಸೇರಿತು.

ಅದು ಮೊದಲು ಹರಿಹರದಲ್ಲಿ ನಮ್ಮಕ್ಕನ ಮನೆಯಲ್ಲಿತ್ತು. ಭಾವನದು ಹಾರ್ಡ್‌ವೇರ್ ಅಂಗಡಿ. ಫ್ಲವರ್‌ಹಾರ್ನ್ ಮೀನು ಸಾಕಿದರೆ ವ್ಯಾಪಾರ ಕೈಹಿಡಿಯುತ್ತದೆ ಎಂದು ಯಾರೋ ಅವರ ಕಿವಿ ಊದಿದ್ದರು. ಸಿಕ್ಲಿಡ್ ಎಂಬ ಜಗಳಗಂಟ ಮೀನಿನ ಕುಲದಲ್ಲಿ ಮನುಷ್ಯರೇ ಬೆರೆಸಿ ಹುಟ್ಟಿಸಿದ ತಳಿ ಅದು. ಕೆಂಪು ಹೊಟ್ಟೆ, ಪಕ್ಕೆಯ ಮೇಲೆ ಕರಿ ಮಚ್ಚೆಗಳು. ಮಕ್ಕಳು ಗೋಡೆಗೆ ತಲೆ ಬಡಿಸಿಕೊಂಡಾಗ ಹಣೆಯ ಮೇಲೆ ಬುಗುಟು ಏಳುತ್ತದಲ್ಲ, ಅಂಥದ್ದೊಂದು ಬುಗುಟು ಅದರ ನೆತ್ತಿಯ ಮೇಲೆ. ಆ ಬುಗುಟು ದೊಡ್ಡದಾದಷ್ಟೂ ಅದೃಷ್ಟವಂತೆ. ಭಾವನ ಮೀನಿಗೆ ಬುಗುಟು ಬೆಳೆಯಲೇ ಇಲ್ಲ. ಬೆಳೆದದ್ದು ಸಿಟ್ಟು ಮಾತ್ರ. ಜೊತೆಗಿದ್ದ ಬಂಗಾರದ ಮೀನುಗಳನ್ನೆಲ್ಲ ಒಂದೊಂದಾಗಿ ಮುಗಿಸಿತು. ಕೊನೆಗೆ ಆಹಾರ ಹಾಕಲು ಹೋದ ಭಾವನ ಬೆರಳನ್ನೇ ಕಚ್ಚಿತು.

ನಾನು ಅಕ್ಕನ ಮನೆಗೆ ಹೋದ ದಿನ ಭಾವ ಬೆರಳಿಗೆ ಪಟ್ಟಿ ಸುತ್ತಿಕೊಂಡು ಬಕೆಟ್ ಹಿಡಿದು ಹೊರಟಿದ್ದರು.

"ಎಲ್ಲಿಗೆ ಭಾವ?"

"ಹೊಳೀಗೆ ಬಿಟ್ ಬರ್ತೀನಿ. ಒಂದು ಜೀವ ಬಿಡಿಸಿದ ಪುಣ್ಯನಾರ ಬರಲಿ."

ನನಗೆ ಉರಿದುಹೋಯಿತು. "ಏನ್ ಪುಣ್ಯ ಬರ್ತೈತ್ರಿ? ಅಲ್ಲಿರೋ ಮೀನೆಲ್ಲ ತಿಂದು ಹಾಕತೈತೆ, ಇಲ್ಲಾ ತಾನೇ ಸಾಯತೈತೆ. ಬೆರಳು ಕಚ್ಚಿದ್ದಕ್ಕೆ ಮನೆ ಬಿಟ್ಟು ಓಡಿಸೋದಾದ್ರೆ ನನ್ನನ್ನ ಯಾವತ್ತೋ ಓಡಿಸಬೇಕಿತ್ತು. ಕೊಡ್ರಿ ಇಲ್ಲಿ!"

ಭಾವ ನಕ್ಕರು. "ತಗೊಂಡ್ ಹೋಗು ಮಾರಾಯ್ತಿ. ನಿನ್ ಕೈಯಾಗ ಅದು ದೀಪಾವಳಿ ತನಕ ಉಳಿದ್ರೆ ಕೇಳು."

ಆ ನಗು ನನಗೆ ಚುಚ್ಚಿತು. ಉಳಿಸಿಯೇ ತೀರುತ್ತೇನೆ ಎಂದು ಆಗಲೇ ಹಟ ಹಿಡಿದೆ. ಮುಚ್ಚಳದ ಬಕೆಟ್ ಮಡಿಲಲ್ಲಿ ಇಟ್ಟುಕೊಂಡು ದಾವಣಗೆರೆ ಬಸ್ಸು ಹತ್ತಿದೆ. ಹೆಂಗಸರಿಗೆ ಈಗ ಸರ್ಕಾರಿ ಬಸ್ಸು ಉಚಿತವಲ್ಲವೇ, ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಬಕೆಟ್ಟಿನೊಳಗೆ ಇಣುಕಿದ.

"ಇದು ಗಂಡೋ ಹೆಣ್ಣೋ ಅಕ್ಕಾರೆ? ಗಂಡಾದ್ರೆ ಟಿಕೆಟ್ ತಗೋಬೇಕ್ರಿ."

ಇಡೀ ಬಸ್ಸು ನಕ್ಕಿತು. "ನೀವೇ ಕೈ ಹಾಕಿ ಕೇಳ್ರಿ, ಹೇಳತೈತೆ" ಎಂದೆ. ಅವನು ಮುಂದಿನ ಸೀಟಿಗೆ ಹೋದ.

ನಮ್ಮನೆಯವರು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮೆತ್ತನೆಯ ಮನುಷ್ಯ. ಬಕೆಟ್ ನೋಡಿ "ಮನೆಗೆ ಒಬ್ಬರು ಸಾಲದಾಗಿತ್ತೇನು?" ಎಂದಷ್ಟೇ ಕೇಳಿ, ಮರುದಿನ ತಾವೇ ಗಾಜಿನ ಅಂಗಡಿಗೆ ಹೋಗಿ ದಿವಾನದಷ್ಟು ಉದ್ದದ ತೊಟ್ಟಿ ಮಾಡಿಸಿ ತಂದರು. ಅದಕ್ಕೆ ಜಾಗ ಮಾಡಲು ದಿವಾನವನ್ನೇ ತೆಗೆಸಿದೆ. ಹೊಲಿಗೆ ಯಂತ್ರದ ಎದುರಿಗೇ ಮೀನು. ನಾನು ಬಟ್ಟೆ ಕೊಡವಿದರೆ ಸಾಕು, ಗಾಜಿಗೆ ಬಂದು ಢಪ್ ಎಂದು ಗುದ್ದುತ್ತಿತ್ತು. ಅಳತೆಗೆ ಬಂದವರು ಬೆಚ್ಚಿ ಉಸಿರು ಬಿಡುತ್ತಿದ್ದರು. ಒಳಗೆಳೆದುಕೊಂಡ ಹೊಟ್ಟೆಯೂ ಹೊರಗೆ ಬರುತ್ತಿತ್ತು. ಸರಿಯಾದ ಅಳತೆ ಸಿಗತೊಡಗಿದ್ದು ಆಮೇಲೆಯೇ.

ಇನ್ನು ನೀರಿನ ವಿಷಯ. ನಮ್ಮ ಬೋರಿನ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ನಲ್ಲಿಯ ಬಾಯಿಗೆಲ್ಲ ಸುಣ್ಣ ಕಟ್ಟುತ್ತದೆ. ಮುನಿಸಿಪಾಲಿಟಿ ನೀರು ಬಂದಾಗ ಬಂತು, ಬಂದರೂ ಬ್ಲೀಚಿಂಗ್ ಪುಡಿಯ ವಾಸನೆ. ಮನೆಗೆ ಬಂದ ಜೀವಕ್ಕೆ ಒಳ್ಳೆಯದನ್ನೇ ಕೊಡಬೇಡವೇ? ಕುಡಿಯುವ ನೀರಿನ ಘಟಕದಿಂದ ಸ್ಕೂಟಿಯಲ್ಲಿ ಕ್ಯಾನು ಕ್ಯಾನು ಫಿಲ್ಟರ್ ನೀರು ಹೊತ್ತು ತಂದು ತೊಟ್ಟಿ ತುಂಬಿಸಿದೆ. ನೀರು ಬದಲಿಸುವಾಗಲೆಲ್ಲ ಅದೇ ನೀರು. "ಹೆತ್ತ ಮಕ್ಕಳಿಗೂ ಇಷ್ಟು ಮಾಡಲ್ಲ ಬಿಡ್ರಿ" ಎಂದು ಪಕ್ಕದ ಮನೆಯಾಕೆ ಹೇಳಿದಾಗ ನಾನು ಉಬ್ಬಿಹೋಗಿದ್ದೆ.

ಮೀನು ಮಾತ್ರ ಇಳಿಯತೊಡಗಿತು. ಮೊದಲು ಗುದ್ದುವುದು ನಿಂತಿತು. ಆಮೇಲೆ ಆಹಾರದ ಕಾಳು ಬಾಯಿಗೆ ತೆಗೆದುಕೊಂಡು ಉಗುಳತೊಡಗಿತು. ಕೆಂಪೆಲ್ಲ ಬಿಳಿಚಿಕೊಂಡು, ಇದ್ದ ಚೂರು ಬುಗುಟೂ ಕರಗಿ, ಮೂಲೆಯಲ್ಲಿ ತಳ ಹಿಡಿದು ಮಲಗಿತು. ನಾನು ಕೆಂಪು ಜರಿ ಬಟ್ಟೆ ತಂದು ಗಾಜಿನ ಮುಂದೆ ಎಷ್ಟು ಕೊಡವಿದರೂ ಕಣ್ಣು ಕೂಡ ಹೊರಳಿಸಲಿಲ್ಲ. ನೀರು ಕೊಳಕಾಯಿತೇನೋ ಎಂದು ಇನ್ನೂ ಹೆಚ್ಚು ಫಿಲ್ಟರ್ ನೀರು ಸುರಿದೆ. ಇನ್ನೂ ಸೊರಗಿತು.

"ಹರಿಹರಕ್ಕ ಒಂದು ಮಾತು ಹೇಳಿಬಿಡೋಣೇನು?" ಎಂದು ನಮ್ಮನೆಯವರು ಮೆಲ್ಲಗೆ ಕೇಳಿದರು.

"ಹೇಳಿ ನೋಡ್ರಿ, ಆಮೇಲೈತೆ ನಿಮಗ!" ಎಂದು ಕಿರುಚಿದೆ. ಅಷ್ಟರಲ್ಲೇ ಅಕ್ಕ ಫೋನ್ ಮಾಡಿದಳು. "ಮಸ್ತ್ ಐತೆ, ಕುಣೀತೈತೆ" ಎಂದು ಸುಳ್ಳು ಹೇಳಿ, ಫೋನಿಟ್ಟು ಅತ್ತೆ. ಒಂದು ಮೀನಿಗೆ ಅಳುವುದೇ ಎಂದು ನಾಚಿಕೆಯಾಯಿತು, ಆದರೂ ಅತ್ತೆ.

ಅದೇ ವಾರ ನೀರಿನ ಘಟಕದ ಮೋಟಾರು ಸುಟ್ಟು ಬಾಗಿಲು ಹಾಕಿದರು. ತೊಟ್ಟಿಯ ನೀರು ಮಬ್ಬಾಗಿ ವಾಸನೆ ಹೊಡೆಯುತ್ತಿತ್ತು. ನಲ್ಲಿಯಲ್ಲಿ ಗಾಳಿ ಮಾತ್ರ. ಉಳಿದದ್ದು ಬೋರು ಒಂದೇ. ಆ ನೀರು ಹಾಕಿದರೆ ಮೀನು ಸಾಯುತ್ತದೆ, ಹಾಕದಿದ್ದರೂ ಸಾಯುತ್ತದೆ. ಹಳೆಯ ನೀರು ಸ್ವಲ್ಪ ತೆಗೆದು, ಹಸುಗೂಸಿಗೆ ಎರೆದ ಹಾಗೆ ಬೋರಿನ ನೀರನ್ನು ಚೊಂಬಿನಲ್ಲಿ ನಿಧಾನ ಸುರಿದೆ. "ನನ್ನ ಬೈಕೋಬ್ಯಾಡಪ್ಪ, ನನ್ ಹತ್ರ ಇರೋದು ಇದೇ" ಎಂದು ಹೇಳಿಕೊಂಡೇ ಸುರಿದೆ. ಮರುದಿನವೂ ಹಾಗೆಯೇ ಮಾಡಿದೆ. ಅದರ ಮರುದಿನ ಕತ್ತರಿಸಿದ ಬಟ್ಟೆ ಕೊಡವಿದೆ ನೋಡಿ, ಢಪ್! ಕತ್ತರಿ ನನ್ನ ಕೈಯಿಂದ ಬಿತ್ತು.

"ಬರ್ರಿ ಇಲ್ಲಿ! ಗುದ್ದಿತು, ಗುದ್ದಿತು!" ಎಂದು ಕೂಗಿದ ಕೂಗಿಗೆ ಸ್ನಾನಕ್ಕೆ ಹೋಗಿದ್ದ ನಮ್ಮನೆಯವರು ಟವೆಲ್ಲು ಸುತ್ತಿಕೊಂಡೇ ಓಡಿ ಬಂದರು. ಆಮೇಲೆ ಫೋನಿನಲ್ಲಿ ಏನೇನೋ ಹುಡುಕಿ ಓದಿದರು. "ಈ ಜಾತೀಗೆ ಗಡಸು ನೀರೇ ಬೇಕಂತಲ್ಲೇ. ನಿನ್ನ ಫಿಲ್ಟರ್ ನೀರಾಗ ಸತ್ವನೇ ಇಲ್ಲಂತೆ."

ಇಡೀ ಬೀದಿ ಶಪಿಸುವ ನೀರು! ಆ ನೀರನ್ನೇ ಕುಡಿದು ಮೀನು ಮೈ ತುಂಬಿಕೊಂಡಿತು. ಹೊಟ್ಟೆ ಮತ್ತೆ ಕೆಂಪಗಾಯಿತು. ಬುಗುಟಂತೂ ನಿಂಬೆಹಣ್ಣಿನಷ್ಟಾಗಿ, ಅದನ್ನೂ ಮೀರಿ ಬೆಳೆಯಿತು. ಎಂ.ಸಿ.ಸಿ. ಬಡಾವಣೆಯಿಂದ ಕಾರಿನಲ್ಲಿ ಬರುವ ಗಿರಾಕಿಗಳು ಸಹ ರವಿಕೆ ಮರೆತು ಮೀನು ನೋಡುತ್ತಾ ನಿಲ್ಲುತ್ತಿದ್ದರು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ದೀಪಾವಳಿಯ ದಿನ ತೊಟ್ಟಿಯ ಪಕ್ಕ ದೀಪ ಹಚ್ಚಿಟ್ಟು, ಒಂದು ಫೋಟೋ ತೆಗೆದು ಭಾವನಿಗೇ ಕಳಿಸಿದೆ.

ಆ ಹೆಮ್ಮೆಯೇ ನನಗೆ ಮುಳುವಾಯಿತು. ಮುಂದಿನ ಭಾನುವಾರ ಭಾವ ಅಕ್ಕನನ್ನು ಕರೆದುಕೊಂಡು, ಮುಚ್ಚಳದ ದೊಡ್ಡ ಡಬ್ಬಿ ಮತ್ತು ಬಲೆ ಹಿಡಿದು ಬಂದಿಳಿದರು.

"ಅಂಗಡೀಗೆ ಬೇಕವ್ವ. ಬುಗುಟು ನೋಡಿ ಎಲ್ಲಾರೂ ಅದೃಷ್ಟ ಅಂತಾರೆ. ಎಷ್ಟಂದ್ರೂ ನಮ್ ಮೀನಲ್ಲವಾ?"

ಅವರ ಮೀನು ಎನ್ನುವುದು ಸುಳ್ಳಲ್ಲ. ಇಲ್ಲ ಎಂದರೆ ಅಕ್ಕನ ಮನೆಯ ಬಾಗಿಲು ನನಗೆ ಮುಚ್ಚೀತು. "ಹಿಡಕೊಂಡು ಹೋಗ್ರಿ" ಎಂದೆ.

ಭಾವ ಇಸ್ತ್ರಿ ಅಂಗಿಯ ತೋಳು ಮಡಚಿ ಬಲೆ ಇಳಿಸಿದರು. ಮೀನು ಓಡಲಿಲ್ಲ. ನೇರ ಬಲೆಗೇ ನುಗ್ಗಿ, ಕಚ್ಚಿ ಜಗ್ಗಿ, ಬಾಲದಿಂದ ಒಂದು ಬಾರಿಸಿತು. ಭಾವ ತಲೆಯಿಂದ ಹೊಟ್ಟೆಯವರೆಗೆ ತೊಯ್ದರು. ಮತ್ತೆ ಇಳಿಸಿದರು, ಮತ್ತೆ ಕಚ್ಚಿತು. ಮೂಲೆಗೆ ಹೋಗದೆ ತೊಟ್ಟಿಯ ನಡುವೆ ಕಿವಿರು ಅರಳಿಸಿ ನಿಂತಿತ್ತು. ನನಗೆ ನಗು ಬರಲಿಲ್ಲ. ಮೂರನೆಯ ಸಲ ಹಿಡಿದುಬಿಟ್ಟರೆ ಎಂದು ತೊಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿದು ನಿಂತೆ.

ಆಗ ಅಕ್ಕ ಎದ್ದಳು. ಗಂಡನಿಗೆ ಎದುರಾಡಿದ್ದನ್ನು ನಾನು ಕಂಡೇ ಇಲ್ಲದ ಅಕ್ಕ, ಅವರ ಕೈಯಿಂದ ಬಲೆ ತೆಗೆದುಕೊಂಡು ಗೋಡೆಗೆ ಒರಗಿಸಿದಳು.

"ಬಿಡ್ರಿ ಸಾಕು. ನಮ್ ಮನ್ಯಾಗೂ ಕಚ್ಚತಿತ್ತು, ಹೆದರಿಕೊಂಡು ಕಚ್ಚತಿತ್ತು. ಇಲ್ಲಿ ತನ್ನ ಮನೆ ಅಂತ ಕಚ್ಚತೈತೆ. ಇದು ಇವಳ ಮೀನು."

ಭಾವ ಮುಖ ಒರೆಸಿಕೊಂಡರು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿದರು. "ಅಡ್ಡಿಯಿಲ್ಲ, ಸಾಕಿದೀಯ" ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ನನಗೆ ಸನ್ಮಾನ ಮಾಡಿದ ಹಾಗಾಯಿತು. ಅವರಿಗೆ ಒಣ ಅಂಗಿ ಕೊಟ್ಟು, ಊಟ ಬಡಿಸಿ, ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬೀಳ್ಕೊಟ್ಟು ಬಂದೆ.

ಬಂದವಳೇ ತೊಟ್ಟಿಯಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದ ಕಲ್ಲುಗಳನ್ನು ಸರಿಪಡಿಸಲು ಕೈ ಹಾಕಿದೆ. ಸರ್‍ರನೆ ಬಂದು ಕಚ್ಚಿತು. ಬೆರಳಿನಿಂದ ರಕ್ತ ಬಂತು. ಕೈ ಹಿಂದೆ ತೆಗೆಯಲಿಲ್ಲ.

"ಕಚ್ಚಪ್ಪಾ, ಕಚ್ಚು" ಎಂದೆ. "ನಿನ್ನದೇ ಮನೆ."