ನಡುವಿನ ಕಂಬ

ಗೆಳೆಯರೇ, ಇವತ್ತು ಹದಿನಾರು ಊರಿನ ನಮ್ಮ ಹೊಲದಲ್ಲಿ ಕೆಲಸ ನಿಂತೇಹೋಗಿತ್ತು. ನಾನೇ ಕಟ್ಟಿಕೊಳ್ಳುತ್ತಿರುವ ಹಲಗೆ ಕೋಣೆಯ ಅಡಿಪಾಯಕ್ಕೆ ಒಂಬತ್ತು ಗಿಡ್ಡ ಕಂಬಗಳ ಜಾಗ ಗುರುತು ಹಾಕಿದ್ದೆ. ನಮ್ಮದು ಎರೆಮಣ್ಣು; ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಗಟ್ಟಿ ನೆಲ ಸಿಗುವವರೆಗೆ ತೋಡಲೇಬೇಕು. ನಡುವಿನ ಗುಂಡಿಗೆ ಹಾರೆ ಎತ್ತುತ್ತಿದ್ದಂತೆ ಅವ್ವ ಬಂದಳು.

“ನೆಲದೊಳ್ಗೆ ವಾಸ್ತುಪುರುಷ ಮನಗವ್ನೆ ಕಣ್ಲಾ, ಅವ್ನ ಒಕ್ಕುಳಿಗೇ ಗುಂಡಿ ತೋಡ್ತೀಯಾ? ನಡೂಕೆ ಕಂಬ ನೆಟ್ರೆ ನಾ ಒಳೀಕೆ ಕಾಲಿಡಾಕಿಲ್ಲ.”

ಆ ಕಂಬ ಬಿಟ್ಟರೆ ಕೋಣೆಯ ನೆಲ ಜೋಲುತ್ತದೆ. ನನಗೆ ಕೈಜೋಡಿಸಲು ಬಂದಿದ್ದ ಗಾರೆ ಕೆಲಸದ ಸಿದ್ದಣ್ಣ ನನ್ನನ್ನು ಪಕ್ಕಕ್ಕೆ ಕರೆದು, “ನೆಡು ಬುಡ್ಲಾ, ಮ್ಯಾಲೆ ಹಲಗೆ ಬಡುದ್ರೆ ಯಾರ್ಗ್ ಕಾಣ್ತದೆ?” ಎಂದ. ಕಾಣುವುದಿಲ್ಲ, ನಿಜ. ಆದರೆ ನಾಳೆ ಅವ್ವ ಬಂದು ಕೂರುವುದು ಆ ಸುಳ್ಳಿನ ಮೇಲೆಯೇ ಅಲ್ಲವೇ?

ನಡುಜಾಗ ಬಿಟ್ಟು, ಅದರ ಆಚೆಗೊಂದು ಈಚೆಗೊಂದು ಕಂಬಕ್ಕೆ ಗೆರೆ ಎಳೆದೆ. ಅವ್ವ ಬಗ್ಗಿ ನೋಡಿದಳು.

“ಇಂಗಿರ್ಲಿ. ಅವ್ನಿಗೂ ಎಲ್ಡು ಕಡೆ ದಿಂಬು ಮಡಗ್ದಂಗಾಯ್ತು.”

ಮಲಗಿರುವವನಿಗೇನೋ ದಿಂಬು ಬಂತು. ಒಂದು ಗುಂಡಿ ಹೆಚ್ಚಾಗಿ ತೋಡಿದ ನನ್ನ ಬೆನ್ನಿಗೆ ಇವತ್ತು ಯಾವ ದಿಂಬೂ ಸಾಲದು.